ಮೈಕಿನ ಚಾಚಾಗೆ ನಾವು ಹೊದಿಸಿದ ಶಾಲು

ಮೊನ್ನೆ ಮಿಕ್ಸರ್ ಕೆಟ್ಟಿತು. ಮನೆಗೆ ನೆಂಟರು ಬಂದು ಕೂತಾಗಲೇ ಕೆಡಬೇಕು ಅಂತ ಅದಕ್ಕೂ ಒಂದು ಹಟ. ಚೀಲದಲ್ಲಿ ಹಾಕಿಕೊಂಡು ಸವದತ್ತಿ ಬಜಾರಿನ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ತಳ ಬಿಚ್ಚಿದ, ಕಾದ ಕಡ್ಡಿಯನ್ನು ರಾಳದ ಡಬ್ಬಿಯಲ್ಲಿ ಅದ್ದಿದ, ಕಿತ್ತುಹೋದ ತಂತಿಗೆ ಬೆಸುಗೆ ಹಾಕಿದ. ಸಣ್ಣಗೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮಿಕ್ಸರೂ ಮರೆತುಹೋಯಿತು, ಮನೆಯಲ್ಲಿ ಕೂತ ನೆಂಟರೂ ಮರೆತುಹೋದರು. ಮೈಕಿನ ಚಾಚಾ ಬಂದು ಪಕ್ಕದಲ್ಲೇ ನಿಂತಂತಾಯಿತು...

ಅವರ ಅಂಗಿಗೆ ಯಾವಾಗಲೂ ಇದೇ ವಾಸನೆ. ಇಸ್ತ್ರಿ ಹಾಕಿದ ಬಿಳಿ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ, ದವಡೆಯಲ್ಲಿ ಒಂದು ಏಲಕ್ಕಿ. ಎಷ್ಟು ನೀಟಾಗಿ ಬಂದರೂ ಹತ್ತಿರ ನಿಂತರೆ ಸುಟ್ಟ ರಾಳದ ಘಾಟು ಬರುತ್ತಿತ್ತು. ಅವರು ಹೋಗಿ ನಾಲ್ಕು ವರ್ಷವಾಯಿತು. ಅವರ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಕೂತಿದ್ದೇನೆ, ಎಷ್ಟೋ ಸಲ ಎದ್ದಿದ್ದೇನೆ. ಬರೆದರೆ ನನ್ನ ತಪ್ಪನ್ನೂ ಬರೆಯಬೇಕಲ್ಲ, ಅದಕ್ಕೆ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಮೈಕ್ ಸೆಟ್ಟಿನ ಅಂಗಡಿ ಇತ್ತು. ಮದುವೆ, ಕುಬಸ, ಉರುಸು, ಎಲೆಕ್ಷನ್ನು, ಗುಡ್ಡದ ಹುಣ್ಣಿಮೆ ಜಾತ್ರೆ, ಯಾವುದಿದ್ದರೂ ಕಂಬದ ಮೇಲೆ ಕಟ್ಟಿದ ಭೋಂಗಾ ಸ್ಪೀಕರು ಅವರದೇ. ಊರಿಗೆಲ್ಲ ಅವರು ಚಾಚಾ. ನನ್ನನ್ನು ಅವರು 'ಅಕ್ಕಾರ' ಅನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲ ಊರಿಗೆ ಅಕ್ಕಾರೇ.

ಹಾಡು ಕೇಳುವ ಚಟ ಇದ್ದ ನಾವು ಏಳೆಂಟು ಮಂದಿ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೆವು. ಬಳಗದ ಹಿರಿಯರು ಅಂದರೆ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯ ಸಾವಕಾರರು. ಒಳ್ಳೆ ಹಾಡು ಕೇಳಬೇಕು ಅಂದರೆ ಧಾರವಾಡಕ್ಕೆ ಹೋಗಬೇಕು, ಹೋದರೆ ಹಾಡು ಮುಗಿಯುವ ಮೊದಲೇ ಬಸ್ಸಿಗೆ ಓಡಬೇಕು. "ನಾವು ಓಡೋದು ಸಾಕು, ಹಾಡಾವ್ರನ್ನಽ ಇಲ್ಲಿಗೆ ಕರಸೂಣು" ಅಂದವರು ಸಾವಕಾರರು. ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ ನಾಲ್ಕರಿಂದ ದೀಪ ಹಚ್ಚುವ ಹೊತ್ತಿನ ತನಕ. ಒಂದು ಸಲ ಸವದತ್ತಿ, ಒಂದು ಸಲ ಬೈಲಹೊಂಗಲ, ಇನ್ನೊಂದು ಸಲ ರಾಮದುರ್ಗ, ಕಿತ್ತೂರು. ಸಾಲಿಯ ದೊಡ್ಡ ಹಾಲ್, ಹತ್ತಿ ಖಾಲಿಯಾದ ಗೋದಾಮು, ಗುಡಿಯ ಪೌಳಿ, ಎಲ್ಲಿ ಜಾಗ ಕೊಟ್ಟರೆ ಅಲ್ಲಿ. ಟಿಕೀಟು ಗಿಕೀಟು ಇಲ್ಲ, ಯಾರು ಬೇಕಾದರೂ ಬರಬಹುದು. ಒಬ್ಬರು ಜಮಖಾನೆ ತರೋರು, ಒಬ್ಬರು ಕಲಾವಿದರಿಗೆ ಊಟ ಹಾಕೋರು, ಒಬ್ಬರು ಚುರಮರಿ-ಚಹಾ ನೋಡಿಕೊಳ್ಳೋರು. ನಾನು ಪತ್ರ ಬರೆಯೋದು, ಫೋನು ಮಾಡೋದು, ಮತ್ತೆ ಎಲ್ಲರ ಮೇಲೂ ಸಿಟ್ಟಾಗೋದು.

ಮೊದಲ ಕಾರ್ಯಕ್ರಮದಲ್ಲಿ ನಾವು ಮಾಡಿದ ಅವಾಂತರ ಹೇಳಿದರೆ ನಗುತ್ತೀರಿ. ಊರ ಮಂದಿ ಸಿಟ್ಟಾಗಬಾರದು ಅಂತ ಎಲ್ಲ ದೊಡ್ಡವರನ್ನೂ ವೇದಿಕೆಗೆ ಕರೆದೆವು. ಕರೆದ ಮೇಲೆ ಶಾಲು ಹೊದಿಸಬೇಕು. ಹೊದಿಸಿದ ಮೇಲೆ ಅವರು ಎರಡು ಮಾತು ಆಡಬೇಕು. ನಮ್ಮ ಕಡೆ ಎರಡು ಮಾತು ಅಂದರೆ ಎಷ್ಟು ಅಂತ ನಿಮಗೆ ಗೊತ್ತೇ ಇದೆ. ಹಾಡಲು ಬಂದ ವಯಸ್ಸಾದ ಬುವಾ ತಂಬೂರಿ ಶ್ರುತಿ ಮಾಡಿಕೊಂಡು ಮೂಲೆಯಲ್ಲಿ ಕೂತೇ ಇದ್ದರು. ಹಾಡಲು ಸಿಕ್ಕಿದ್ದು ಕಾಲು ತಾಸು! ಅಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು. ಒಂದು ಮಾತು ಬೇಸರ ಆಡದೆ ತಂಬೂರಿಗೆ ಗವಸು ಹಾಕಿಕೊಂಡು ಹೋದರು.

ಅವತ್ತು ಮೈಕ್ ಹಚ್ಚಲು ಬಂದಿದ್ದವರು ಚಾಚಾ. ವಾಯರು ಸುತ್ತುತ್ತ ನನ್ನ ಹತ್ತಿರ ಬಂದು, "ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಇವತ್ತ ನೀವು ಹಾಡಾವ್ರನ್ನ ಕರಸಿದ್ರೋ, ಶಾಲು ಹೊಚ್ಚಿಸ್ಕೊಳ್ಳಾವ್ರನ್ನ ಕರಸಿದ್ರೋ?" ಅಂದರು. ನನಗೆ ಮೈಯೆಲ್ಲ ಉರಿಯಿತು. ಮೈಕಿನವನು ನನಗೆ ಬುದ್ಧಿ ಹೇಳುವುದೇ ಅಂತ. ಮನೆಗೆ ಹೋಗಿ ಯೋಚಿಸಿದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮರುದಿನ ಬಳಗದವರೆಲ್ಲ ಸೇರಿ ಕಟ್ಟಳೆ ಮಾಡಿದೆವು: ಇನ್ನು ಮುಂದೆ ಶಾಲಿಲ್ಲ, ಹಾರವಿಲ್ಲ, ಭಾಷಣವಿಲ್ಲ. ಎಂಥ ದೊಡ್ಡವರು ಬಂದರೂ ಜಮಖಾನೆ ಮೇಲೆ ಕೂತು ಹಾಡು ಕೇಳಬೇಕು. ಅವತ್ತಿನಿಂದ ಚಾಚಾ ಕೂಡ ಬಳಗದವರೇ ಆದರು. ತಿಂಗಳಿಗೊಮ್ಮೆ ತಮ್ಮ ಆಂಪ್ಲಿಫೈಯರ್ ಮಸೀನು, ಸ್ಪೀಕರ್ ಬಾಕ್ಸು ಎಲ್ಲ ಟಂಟಂ ಗಾಡಿಯಲ್ಲಿ ಹೇರಿಕೊಂಡು ತಾವೇ ಬರುತ್ತಿದ್ದರು, ಯಾರೂ ಕರೆಯಬೇಕಾಗಿರಲಿಲ್ಲ.

ಆ ಕಟ್ಟಳೆಯನ್ನು ಕಾಯ್ದವರೂ ಅವರೇ. ಒಮ್ಮೆ ಒಬ್ಬ ಪುಢಾರಿ ಕರೆಯದೆ ಬಂದು, ಹಾಡು ಶುರುವಾಗುವ ಮುಂಚೆ ಮೈಕ್ ಹಿಡಿದುಬಿಟ್ಟ. ತನ್ನ ಅಜ್ಜನ ಕಾಲದಿಂದ ಶುರು ಮಾಡಿದ. ಸಾವಕಾರರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಫಕ್ಕನೆ ಮೈಕ್ ಬಂದಾಯಿತು. ಚಾಚಾ ಎದ್ದು ನಿಂತು ಕೈ ಮುಗಿದು, "ಕರೆಂಟ್ ಹೋತ್ರಿ ಸಾಹೇಬ್ರ" ಅಂದರು. ತಲೆ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಪುಢಾರಿ ಫ್ಯಾನಿನ ಕಡೆ ನೋಡಿದ, ಚಾಚಾನ ಕಡೆ ನೋಡಿದ. "ಫ್ಯಾನಿಂದು ಬ್ಯಾರೆ ಲೈನ್ರಿ" ಅಂದರು ಚಾಚಾ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕು ಕೆಳಗಿಳಿದ, ಪುಣ್ಯಕ್ಕೆ.

ಅವರು ಕೆಲಸ ಮಾಡುವುದನ್ನು ನೋಡಬೇಕಾಗಿತ್ತು. ನಾಲ್ಕಕ್ಕೆ ಕಾರ್ಯಕ್ರಮ ಅಂದರೆ ಎರಡಕ್ಕೇ ಬರುವರು. ಬಂದವರು ಮೊದಲು ಮಸೀನಿಗೆ ಕೈ ಹಚ್ಚುವವರಲ್ಲ. ಖಾಲಿ ಹಾಲ್‌ನ ಒಂದೊಂದು ಮೂಲೆಗೂ ಹೋಗಿ ಚಪ್ಪಾಳೆ ತಟ್ಟಿ, ಕಿವಿಗೊಟ್ಟು ನಿಲ್ಲುವರು. ಇಲ್ಲಿ ಗೋಡೆ ಮಾತಾಡುತ್ತದೆ, ಅಲ್ಲಿ ತಗಡು ಮಾತಾಡುತ್ತದೆ ಅಂತ ತಮ್ಮಷ್ಟಕ್ಕೆ ಅಂದುಕೊಳ್ಳುವರು. ಆಮೇಲೆ ಬಾಕ್ಸು ಎಲ್ಲಿಡಬೇಕು, ಹಾಡುವವರು ಎಲ್ಲಿ ಕೂರಬೇಕು ಅಂತ ಹೇಳುವರು. ಎಲ್ಲ ಕೂತ ಮೇಲೆ ತಂಬೂರಿ ಮೀಟಿಸಿ, ಕಟ್ಟಕಡೆಯ ಸಾಲಿನಲ್ಲಿ ಯಾರಿರುತ್ತಾರೋ ಅವರ ಕಡೆ ನೋಡಿ ಬೆರಳೆತ್ತುವರು. ಕೇಳಿಸಿದರೆ ಅವರು ಕೈ ಮೇಲೆ ಮಾಡಬೇಕು. ಕಾಯಿಪಲ್ಲೆ ಮಾರುವ ಮುದುಕಿ ಇರಲಿ, ಉಗರಗೋಳದಿಂದ ಬಂದ ಕಾಯಿ-ಕರ್ಪೂರದ ಅಂಗಡಿಯವನಿರಲಿ, ಆ ಕೈ ಮೇಲೇಳುವ ತನಕ ಎಂಥ ಗವಾಯಿಗಳಾದರೂ ಕಾಯಲೇಬೇಕು. "ಮೈಕ್ ಅಂದ್ರ ಜೋರ ಮಾಡೋದಲ್ರಿ ಅಕ್ಕಾರ. ಹಿಂದ ಕುಂತಾಕಿಗೆ ಮುಂದ ಕುಂತಂಗ ಅನಸಬೇಕು. ಅಷ್ಟಽ" ಅನ್ನುತ್ತಿದ್ದರು.

ಒಂದು ಸಲ ಚಹಾ ಕುಡಿಯುತ್ತ, ಸಣ್ಣವರಿದ್ದಾಗ ಹಾಡು ಕಲಿಯಬೇಕು ಅಂತ ಭಾಳ ಆಸೆ ಇತ್ತು ಅಂದರು. ಮನೆಯಲ್ಲಿ ದುಡಿಯುವ ಕೈ ಬೇಕಾಗಿತ್ತು, ಕಲಿಸುವವರು ಯಾರು. "ಹಾಡಾಕ ಬರಲಿಲ್ಲ, ಹಾಡನ್ನ ಹಿಂದಿನ ಸಾಲಿನ ತನಕ ಮುಟ್ಟಿಸಾಕ ಬಂತು. ಮದವಿ ಭೋಂಗಾ ಹೊಟ್ಟಿಗ್ರಿ. ಇದು ನನಗ." ತಿಂಗಳಲ್ಲಿ ಆ ಎರಡು ಮೂರು ತಾಸು ಮಸೀನಿನ ಮುಂದೆ ಮೊಣಕಾಲು ಮಡಚಿ ಕೂತು, ಒಂದು ಬೆರಳು ಗುಂಡಿಯ ಮೇಲಿಟ್ಟುಕೊಂಡು, ಹಾಡುವವರ ಬಾಯನ್ನೇ ನೋಡುತ್ತಿದ್ದರು. ಆ ಜಾಗ ಒಂದು ಬಿಟ್ಟು ಅವರಿಗೆ ನಮ್ಮಿಂದ ಬೇರೆ ಏನೂ ಬೇಕಿರಲಿಲ್ಲ.

ಹೀಗೇ ಹತ್ತು ಹನ್ನೆರಡು ವರ್ಷ ನಡೆಯಿತು...

ಆಮೇಲೆ ಒಂದು ಮಳೆಗಾಲದಿಂದ ಸೌಂಡು ಜೋರಾಗತೊಡಗಿತು. ಮೊದಮೊದಲು ಮಳೆಯ ಸದ್ದಿಗೆ ಏರಿಸಿದ್ದಾರೆ ಅಂದುಕೊಂಡೆವು. ಮಳೆ ನಿಂತರೂ ಅದು ಇಳಿಯಲಿಲ್ಲ. ಹಾಡಿನ ನಡುವೆ ಮೈಕ್ ಸೀಟಿ ಹೊಡೆಯುತ್ತಿತ್ತು, ಚಾಚಾ ಸುಮ್ಮನೆ ಕೂತಿರುತ್ತಿದ್ದರು. ರಾಮದುರ್ಗದಲ್ಲಿ ಹಾಡುತ್ತಿದ್ದ ಹೆಣ್ಣುಮಗಳು ಕಡಿಮೆ ಮಾಡಿ ಅಂತ ಅಂಗೈ ತೋರಿಸಿದಳು. ಚಾಚಾ ತಲೆಯಾಡಿಸಿ ಇನ್ನೂ ಏರಿಸಿದರು. "ನನ್ನ ತಬಲಾ ನನಗಽ ಹೆದರಸಾಕತ್ತೈತ್ರಿ" ಅಂತ ತಬಲಾದವನು ಆಮೇಲೆ ನನ್ನ ಹತ್ತಿರ ಅಂದ. ಕೂಸುಗಳು ಬೆಚ್ಚಿ ಅಳುತ್ತಿದ್ದವು, ತಾಯಂದಿರು ಎದ್ದು ಹೋಗುತ್ತಿದ್ದರು. ಮುಂದೆ ಕೂರುವ ಹಿರಿಯರು ಒಬ್ಬೊಬ್ಬರೇ ಹೊರಗೆ ಕಟ್ಟೆಗೆ ಹೋಗಿ ಕೂತು ಕೇಳತೊಡಗಿದರು.

ನನಗೆ ಗೊತ್ತಾಗಿತ್ತು. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ನನಗೇ. ಒಂದು ದಿನ ಚಹಾದ ಕಪ್ಪು ಹಿಡಿದು ಅವರ ಹಿಂದೆ ನಿಂತು ನಾಲ್ಕು ಸಲ "ಚಾಚಾ" ಅಂದೆ. ತಿರುಗಲಿಲ್ಲ. ಎದುರಿಗೆ ಬಂದರೆ, "ಅರೆ, ಯಾವಾಗ ಬಂದ್ರಿ ಅಕ್ಕಾರ" ಅಂತ ನಕ್ಕರು. ಮಾತಾಡುವಾಗ ಅವರ ಕಣ್ಣು ನನ್ನ ತುಟಿಯ ಮೇಲೆ ಇತ್ತು. ಮೂವತ್ತು ವರ್ಷ ಸಾಲಿ ಕಲಿಸಿದವಳು ನಾನು, ಕಿವಿ ಮಂದ ಇರುವ ಹುಡುಗರು ಹೇಗೆ ನೋಡುತ್ತಾರೆ ಅಂತ ನನಗೆ ತಿಳಿಯದೇ? ಜೀವನವೆಲ್ಲ ಮದುವೆಯ ಭೋಂಗಾದ ಬುಡದಲ್ಲಿ ಕೂತವರ ಕಿವಿ. ಎಷ್ಟು ದಿನ ತಾಳೀತು? ಅವತ್ತೇ ಕೂಡಿಸಿಕೊಂಡು ಕೇಳಬೇಕಾಗಿತ್ತು. ಕೇಳಲಿಲ್ಲ. ಅವರ ಜಾಗ ಕಸಿಯುವ ಮಾತು ನನ್ನ ಬಾಯಿಂದ ಯಾಕೆ ಬರಬೇಕು, ಬೇರೆ ಯಾರಾದರೂ ಹೇಳಲಿ ಅಂತ ಚಹಾ ಕೊಟ್ಟು ಬಂದೆ.

ಕಡೆಗೆ ಧಾರವಾಡದಿಂದ ಬರುವ ಒಬ್ಬರು ಗಾಯಕರು, ಸೌಂಡು ಸರಿ ಮಾಡಿದರೆ ಮಾತ್ರ ಬರುತ್ತೇನೆ ಅಂತ ಫೋನಿನಲ್ಲಿ ಹೇಳಿಬಿಟ್ಟರು. ಸಾವಕಾರರ ಅಡತಿ ಅಂಗಡಿಯಲ್ಲಿ ಚೀಲಗಳ ಮೇಲೆ ಕೂತು ಮಾತಾಡಿದೆವು. ಚಾಚಾ ಒಬ್ಬರನ್ನು ಬಿಟ್ಟು ಎಲ್ಲರೂ ಇದ್ದರು. "ಬೆಕ್ಕಿನ ಕೊಳ್ಳಾಗ ಗಂಟಿ ಕಟ್ಟಾವ್ರು ಯಾರು?" ಅಂದರು ಸಾವಕಾರರು. ನೀವು ಹೇಳಿ, ನೀವು ಹೇಳಿ ಅಂತ ಒಬ್ಬರನ್ನೊಬ್ಬರು ನೋಡಿದರು. ಆಗ ನಾನು, ಜಾಣಿ ಅಲ್ಲವೇ, "ಹೇಳೋದ್ಯಾಕ? ಚಾಚಾಗ ಒಂದು ಸನ್ಮಾನ ಮಾಡಿಬಿಡೂಣು" ಅಂದೆ.

"ಶಾಬಾಸ್ ಅಕ್ಕಾರ!" ಅಂದರು ಸಾವಕಾರರು. "ಹಾವೂ ಸಾಯಂಗಿಲ್ಲ, ಕೋಲೂ ಮುರಿಯಂಗಿಲ್ಲ." ಎಲ್ಲರ ಎದೆ ಮೇಲಿನ ಕಲ್ಲು ಇಳಿದಂತಾಯಿತು. ಚಹಾ ತರಿಸಿದರು.

ನಮ್ಮ ಕಡೆ ಸನ್ಮಾನ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಮಾಸ್ತರರಿಗೆ ಶಾಲು ಹೊದಿಸಿದರೆ ನಾಳೆಯಿಂದ ಸಾಲಿಗೆ ಬರಬೇಡಿ ಅಂತ. ಮ್ಯಾನೇಜರರಿಗೆ ಹೊದಿಸಿದರೆ ವರ್ಗವಾಯಿತು ಅಂತ. ಇಷ್ಟು ದಿನ ಮಾಡಿದ್ದು ಸಾಕು, ಇನ್ನು ಮನೆಯಲ್ಲಿರಿ ಅಂತ ಬಾಯಿಂದ ಹೇಳುವುದು ಕಷ್ಟ, ಶಾಲಿನಿಂದ ಹೇಳುವುದು ಸುಲಭ. ಶಾಲು ಬೇಡ ಅಂತ ಕಟ್ಟಳೆ ಮಾಡಲು ಕಾರಣವಾದ ಮನುಷ್ಯನನ್ನೇ ಶಾಲು ಹೊದಿಸಿ ಕಳಿಸೋಣ ಅಂತ ನಾನು ಹೇಳಿದೆ, ಎಲ್ಲರೂ ಹೂಂ ಅಂದರು. ನಾವು ಎಂಥ ಮಂದಿ ನೋಡಿ!

ಆ ಭಾನುವಾರ ಸವದತ್ತಿಯ ಸಾಲಿಯ ಹಾಲ್‌ನಲ್ಲಿ ಕಾರ್ಯಕ್ರಮ. ಬೈಲಹೊಂಗಲದಿಂದ ಹೊಸ ಸೌಂಡ್ ಸಿಸ್ಟಮಿನವರು ಇಬ್ಬರು ಬಂದು, ತಮ್ಮ ಗಾಡಿಯನ್ನು ಸಾಲಿಯ ಹಿಂದೆ ನಿಲ್ಲಿಸಿಕೊಂಡು ಕಾದಿದ್ದರು. ನಾವೇ ಹಾಗೆ ಹೇಳಿದ್ದೆವು. ಚಾಚಾ ಎಂದಿನಂತೆ ಎರಡಕ್ಕೆ ಬಂದರು. ಮೂಲೆಮೂಲೆಗೆ ಹೋಗಿ ಚಪ್ಪಾಳೆ ತಟ್ಟಿದರು, ತಲೆ ವಾರೆ ಮಾಡಿ ನಿಂತರು. ಬಾಕ್ಸು ಇಟ್ಟರು, ವಾಯರು ಎಳೆದರು, ಜಮಖಾನೆಯ ಕೆಳಗೆ ಒಂದೊಂದನ್ನೂ ಅಡಗಿಸಿಟ್ಟರು. ಅವರು ಅಷ್ಟೆಲ್ಲ ಮಾಡುವ ತನಕ ನಾವು ನೋಡುತ್ತ ನಿಂತಿದ್ದೆವು. ಬೇಡ ಅಂತ ಹೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ.

ಸಾವಕಾರರು ಮೈಕಿನ ಮುಂದೆ ನಿಂತು ಚಾಚಾನ ಹೆಸರು ಹೇಳಿ ವೇದಿಕೆಗೆ ಕರೆದರು. ಮಂದಿ ಚಪ್ಪಾಳೆ ಹೊಡೆದರು. ಚಾಚಾ ಮಸೀನಿನ ಮುಂದೆ ಕೂತೇ ಇದ್ದರು. ತಮ್ಮದೇ ಮೈಕಿನಲ್ಲಿ ಕೂಗಿದ ತಮ್ಮದೇ ಹೆಸರು ಅವರಿಗೆ ಕೇಳಿಸಲಿಲ್ಲ. ಎರಡನೇ ಸಲ ಕರೆದರು. ಯಾರಿಗೋ ಚಪ್ಪಾಳೆ ಬೀಳುತ್ತಿದೆ ಅಂತ ಚಾಚಾ ತಾವೂ ತಟ್ಟಿದರು. ನಾನು ಹೋಗಿ ಹೆಗಲು ಮುಟ್ಟಿ ಎಬ್ಬಿಸಿದೆ.

ರೇಷ್ಮೆ ಶಾಲು, ಪೇಟಾ, ಹಣ್ಣಿನ ಬುಟ್ಟಿ, ಏನೂ ಕಡಿಮೆ ಮಾಡಿರಲಿಲ್ಲ. ಚಪ್ಪಲಿಯನ್ನು ರೇಷ್ಮೆ ಶಾಲಿನಲ್ಲಿ ಸುತ್ತಿ ಹೊಡೆಯುವುದು ಅನ್ನುತ್ತಾರಲ್ಲ, ಅದನ್ನು ನಾವು ಅಕ್ಷರಶಃ ಮಾಡಿದೆವು. ಪೇಟಾ ಸುತ್ತಿಸಿಕೊಂಡು ತಲೆ ಎತ್ತಿದ ಚಾಚಾ ಕೆಳಗೆ ನೋಡಿದರು. ಅವರ ಮಸೀನನ್ನು ಪಕ್ಕಕ್ಕೆ ಸರಿಸಿ, ಅವರ ಜಾಗದಲ್ಲಿ ಆ ಇಬ್ಬರು ತಮ್ಮದನ್ನು ಹೂಡುತ್ತಿದ್ದರು. ಚಾಚಾ ಸ್ವಲ್ಪ ಹೊತ್ತು ಅತ್ತಲೇ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಹಣ್ಣಿನ ಬುಟ್ಟಿ ಸರಿಮಾಡುವವಳ ಹಾಗೆ ಬಗ್ಗಿದೆ.

ಎರಡು ಮಾತು ಆಡಿರಿ ಅಂತ ಸಾವಕಾರರು ಮೈಕ್ ಕೊಟ್ಟರು. ಚಾಚಾ ಅದನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿದರು. "ಹೊತ್ತಾಗಾಕತ್ತೈತಿ," ಅಂದರು. "ಹಾಡಾವ್ರನ್ನ ಕುಂದ್ರಸ್ರಿ."

ಅಷ್ಟೇ ಅವರ ಭಾಷಣ.

ಕಾರ್ಯಕ್ರಮ ಮುಗಿದ ಮೇಲೆ ಶಾಲು ಮಡಚಿ ಬುಟ್ಟಿಯಲ್ಲಿಟ್ಟು, ತಮ್ಮ ವಾಯರುಗಳನ್ನು ತಾವೇ ಸುತ್ತತೊಡಗಿದರು. ನಾನು ಹೋಗಿ ಒಂದು ತುದಿ ಹಿಡಿದೆ. "ಬಿಡ್ರಿ ಅಕ್ಕಾರ, ಸೀರಿ ಹೊಲಸಾಗ್ತೈತಿ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ಎರಡು ತಿಂಗಳು ಅವರು ಬರಲಿಲ್ಲ. ಸೌಂಡು ಚಲೋ ಆಗಿತ್ತು, ಹೊರಗೆ ಹೋಗಿದ್ದವರೆಲ್ಲ ಒಳಗೆ ಬಂದು ಕೂತಿದ್ದರು. ಎಲ್ಲರೂ ಖುಷಿಯಾಗಿದ್ದರು. ಮೂರನೇ ತಿಂಗಳು ಬೈಲಹೊಂಗಲದ ಗೋದಾಮಿನಲ್ಲಿ ಕಾರ್ಯಕ್ರಮ. ಬಸ್ಸು ಹಿಡಿದು ಚಾಚಾ ಒಬ್ಬರೇ ಬಂದರು. ಯಾರನ್ನೂ ಮಾತಾಡಿಸದೆ ಹೋಗಿ ಕಟ್ಟಕಡೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತರು. ಸೌಂಡಿನವರಿಗೆ ನಮ್ಮ ಪದ್ಧತಿ ಹೇಳಿಕೊಟ್ಟಿದ್ದೆವು. ಅವರಲ್ಲೊಬ್ಬ ಹಿಂದಿನ ಸಾಲಿನ ಕಡೆ ನೋಡಿ ಬೆರಳೆತ್ತಿದ.

ಹಿಂದಿನ ಸಾಲಿನಲ್ಲಿ ಇದ್ದವರು ಚಾಚಾ ಒಬ್ಬರೇ.

ಅವರಿಗೆ ಕೇಳಿಸುತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಾಡುವವರು ಕಾಯುತ್ತಿದ್ದರು, ಮಂದಿಯೆಲ್ಲ ತಿರುಗಿ ನೋಡುತ್ತಿದ್ದರು. ಚಾಚಾ ಕೈ ಮೇಲೆ ಮಾಡಿದರು. ಹಾಡು ಶುರುವಾಯಿತು. ಎರಡು ತಾಸು ಅವರು ಹಾಡುವವರ ಬಾಯನ್ನೇ ನೋಡುತ್ತ ಕೂತರು, ನಾನು ಅವರನ್ನೇ ನೋಡುತ್ತ ಕೂತೆ. ಅವತ್ತು ಯಾರು ಹಾಡಿದರು, ಏನು ಹಾಡಿದರು, ದೇವರಾಣೆ ನನಗೆ ನೆನಪಿಲ್ಲ...

ಮರುದಿನ ಸಾಲಿ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಚಾಚಿ, "ಜೋರ ಮಾತಾಡ್ರಿ ಅಕ್ಕಾರ. ಇಲ್ಲಾಂದ್ರ ಸುಮ್ನ ಹೂಂ ಅಂತಾರ, ಏನೂ ಕೇಳ್ಸಿರಂಗಿಲ್ಲ" ಅಂದರು. ಚಾಚಾ ಹೊರಗಿನ ಕಟ್ಟೆಯ ಮೇಲೆ ಹಳೆಯ ಮೈಕೊಂದನ್ನು ಬಿಚ್ಚಿಕೊಂಡು ಕೂತಿದ್ದರು. ಎದುರಿಗೆ ಕೂತೆ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ತಪ್ಪಾತ್ರಿ ಚಾಚಾ!" ಅಂತ ಒದರಿದೆ. ಸುಮ್ಮನೆ ನೋಡಿದರು. "ನನ್ನಿಂದ ತಪ್ಪಾತ್ರಿ!" ಅಂತ ಮತ್ತೆ ಒದರಿದೆ. ಆಚೆ ಮನೆಯ ಕಿಟಕಿ ತೆರೆಯಿತು. ಮೂರನೇ ಸಲ ಬಾಯಿ ತೆಗೆಯುವಷ್ಟರಲ್ಲಿ ಚಾಚಾ ಕೈ ಅಡ್ಡ ಹಿಡಿದರು.

"ಮೊದಲನೇದ್ದಽ ತಿಳೀತ್ರಿ. ಎರಡನೇದ್ದು ನನ್ನ ಖುಷಿಗೆ ಹೇಳ್ಸಿದೆ."

ನನಗೆ ನಗು ಬರಲಿಲ್ಲ. ಅವರು ಕೈಯಲ್ಲಿದ್ದ ಮೈಕನ್ನು ಕೆಳಗಿಟ್ಟರು.

"ಕಿವಿ ಹೊಂಟಿದ್ದು ನಿಮಗಿಂತ ಮೊದಲ ನನಗ ಗೊತ್ತಾತ್ರಿ. ಎಷ್ಟ ಹೋಗೈತಿ ಅನ್ನೂದು ತಿಳೀಲಿಲ್ಲ. ನನ್ನಷ್ಟಕ್ಕ ನನಗ ತಿಳಿಯೂದರೆ ಹೆಂಗ? ಯಾರರೆ ಒಬ್ರು ಬಂದು, ಚಾಚಾ ಸಾಕು ಏಳು ಅಂತಾರ ಅಂತ ದಾರಿ ನೋಡಿದೆ. ಬ್ಯಾರೆ ಯಾರೂ ಹೇಳದಿದ್ರೂ ಅಕ್ಕಾರ ಹೇಳ್ತಾರ, ಹುಡುಗ್ರ ಲೆಕ್ಕ ತಪ್ಪಿದ್ರ ಕಿವಿ ಹಿಂಡಿ ಹೇಳಾವ್ರು ಅಂತ ಇದ್ದೆ..."

ನಾನು ತಲೆ ತಗ್ಗಿಸಿದೆ. ಅವರೇ ಕೇಳಿದರು, "ಈಗರೆ ಹೇಳ್ರಿ. ಕಡೀಕ ನಾ ಮಾಡಿದ ಸೌಂಡು ಹೆಂಗಿತ್ತು?"

"ಕೆಟ್ಟಿತ್ರಿ" ಅಂದೆ.

ಕಿವಿಗೆ ಕೈ ಹಿಡಿದರು. "ಆಂ?"

"ಕೆಟ್ಟಿತ್ತು!" ಅಂತ ಗಂಟಲು ಹರಿಯುವಂತೆ ಕೂಗಿದೆ. "ಭಾಳ ಕೆಟ್ಟಿತ್ತು ಚಾಚಾ! ಮಂದಿ ಎದ್ದು ಹೋಗತಿದ್ರು!"

ಓಣಿಯೆಲ್ಲ ಹೊರಗೆ ಬಂತು. ಎದುರು ಮನೆಯಾಕೆ, "ಏನ್ ಕೆಟ್ತ್ರಿ ಅಕ್ಕಾರ, ಹಾಲೇನ?" ಅಂದಳು. ಚಾಚಾ ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು. "ಇಷ್ಟಽ ನೋಡ್ರಿ," ಅಂದರು. "ಇಷ್ಟ ಹೇಳಾಕ ರೇಷ್ಮಿ ಶಾಲು ಬೇಕಾತೇನ್ರಿ?" ನಗುನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ನಾನಂತೂ ಸೆರಗು ಬಾಯಿಗಿಟ್ಟುಕೊಂಡು ಕಟ್ಟೆಯ ಮೇಲೆ ಕೂತು ಅತ್ತೆ. ಚಾಚಿ ಒಳಗಿನಿಂದ ಚಹಾ ತಂದರು.

ಮುಂದಿನ ತಿಂಗಳಿನಿಂದ ಚಾಚಾ ನನ್ನ ಪಕ್ಕದಲ್ಲೇ ಕೂರತೊಡಗಿದರು. ನನ್ನ ಕೈಯಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಒಂದು ಹಾಡು ಮುಗಿದ ಕೂಡಲೇ ಮೊಣಕೈಯಿಂದ ತಿವಿದು, "ಹೆಂಗೈತ್ರಿ?" ಅನ್ನುವರು. ನಾನು ಬರೆದು ತೋರಿಸಬೇಕು. ಚಲೋ ಐತಿ ಅಂತ ಬರೆದರೆ ಒಪ್ಪುತ್ತಿರಲಿಲ್ಲ. "ಹಿಂಗ ಹೇಳಬ್ಯಾಡ್ರಿ. ಏನು ಮುಂದ ಐತಿ, ಏನು ಹಿಂದ ಐತಿ? ತಂಬೂರಿ ಕೇಳಸ್ತೈತಿಲ್ಲ?" ಅನ್ನುವರು. ಹಾಗೆ ತಿವಿಸಿಕೊಂಡು ತಿವಿಸಿಕೊಂಡು ನಾನೂ ಕೇಳುವುದನ್ನು ಕಲಿತೆ. ಹಾರ್ಮೋನಿಯಂ ಪೇಟಿ ಜೋರು, ತಬಲಾದ ಎಡಗೈ ಬಾಯಾ ಗುಂಯ್‌ಗುಡುತ್ತದೆ, ಹೆಂಗಸರ ಕಡೆ ಮಾತು ಒಡೆಯುತ್ತಿಲ್ಲ ಅಂತ ಬರೆಯುವೆ. ಚಾಚಾ ಓದಿ, ಎದ್ದು ಹೋಗಿ, ಸೌಂಡಿನವರ ಕಿವಿಯಲ್ಲಿ ಏನೋ ಹೇಳಿ ಬರುವರು. ಅವರು ಬಂದು ಕೂರುವಷ್ಟರಲ್ಲಿ ಸರಿಯಾಗಿರುತ್ತಿತ್ತು! ಆ ಇಬ್ಬರೂ ಅವರನ್ನು ಉಸ್ತಾದ್ ಅನ್ನತೊಡಗಿದರು. ಚಾಚಾನ ಮುಖ ಮೊದಲಿನ ಹಾಗಾಯಿತು.

ಇಂಥವು ನಾಲ್ಕೇ ನಾಲ್ಕು ಕಾರ್ಯಕ್ರಮ. ಐದನೆಯದು ಹೂಲಿಯ ಹಳೆಯ ಗುಡಿಯ ಮುಂದೆ ಆಗಬೇಕಿತ್ತು. ಅಲ್ಲಿ ಕಲ್ಲಿನ ಗೋಡೆ, ದನಿ ತಿರುಗಿ ಬರುತ್ತದೆ, ಒಂದು ದಿನ ಮೊದಲೇ ಹೋಗಿ ನೋಡೋಣ ಅಂದಿದ್ದರು. ಆ ವಾರದಲ್ಲೇ ಒಂದು ಮುಂಜಾನೆ ಎದೆ ನೋವು ಅಂದರಂತೆ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಆಗಿಹೋಗಿತ್ತು. ಗಂಡಸರೆಲ್ಲ ಮಣ್ಣಿಗೆ ಹೋದರು. ನಾನು ಚಾಚಿಯ ಕೈ ಹಿಡಿದುಕೊಂಡು ಒಳಗೆ ಕೂತೆ. ನಾಲ್ಕು ಕಾರ್ಯಕ್ರಮ ನನ್ನ ಪಕ್ಕ ಕೂತರು. ಆರು ತಿಂಗಳು ಮೊದಲೇ ನಾನು ಬಾಯಿ ಬಿಟ್ಟಿದ್ದರೆ ಇನ್ನೂ ಆರು ಸಿಗುತ್ತಿದ್ದವು. ಇದು ದೊಡ್ಡ ಗಣಿತವಲ್ಲ, ಆದರೂ ಅವತ್ತು ಕೂತಲ್ಲೇ ಮತ್ತೆ ಮತ್ತೆ ಕೂಡಿಸಿ ಕಳೆದು ಮಾಡಿದೆ.

ನಮ್ಮ ಬಳಗ ಈಗಲೂ ಇದೆ. ಸಾವಕಾರರಿಗೆ ನಡೆಯಲಾಗುವುದಿಲ್ಲ, ಖುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ನಾನು ರಿಟೈರಾಗಿದ್ದೇನೆ, ಸಿಟ್ಟು ಮಾತ್ರ ರಿಟೈರಾಗಿಲ್ಲ. ಹೋದ ತಿಂಗಳು ಕಿತ್ತೂರಿನಲ್ಲಿ ಒಬ್ಬ ಹುಡುಗಿ ಹಾಡಿದಳು. ಒಳ್ಳೆ ಕಂಠ. ಆದರೆ ಸೌಂಡು ಮೊದಲಿನಿಂದಲೂ ಸರಿ ಇರಲಿಲ್ಲ. ತಬಲಾ ಅವಳ ದನಿಯನ್ನು ನುಂಗಿಹಾಕಿತ್ತು. ನನಗೆ ಮೊದಲ ಹಾಡಿಗೇ ಗೊತ್ತಾಗಿತ್ತು. ತಿವಿದು ಕೇಳುವವರು ಯಾರೂ ಇರಲಿಲ್ಲ, ಸುಮ್ಮನೆ ಕೂತೆ. ಮುಗಿದ ಮೇಲೆ ಎಲ್ಲರೂ ಭಾಳ ಚಲೋ ಆತು, ಭಾಳ ಚಲೋ ಆತು ಅಂದರು. ಬೈಲಹೊಂಗಲದ ಆ ಇಬ್ಬರು ಸೌಂಡಿನವರಲ್ಲಿ ಒಬ್ಬ, ಈಗ ಅವನ ತಲೆಯೂ ನರೆತಿದೆ, ಬಂದು "ಹೆಂಗಾತ್ರಿ ಅಕ್ಕಾರ?" ಅಂದ. "ಚಲೋ ಆತಪಾ" ಅಂದುಬಿಟ್ಟೆ.

ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಬಂದವಳು ಅಲ್ಲೇ ನಿಂತೆ. ಬುದ್ಧಿ ಅನ್ನುವುದು ಒಂದು ಜೀವ ಹೋದ ಮೇಲೂ ಬರುವುದಿಲ್ಲವಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ತಿರುಗಿ ಒಳಗೆ ಹೋದೆ. ಅವನು ವಾಯರು ಸುತ್ತುತ್ತಿದ್ದ.

"ಚಲೋ ಆಗಿಲ್ಲಪಾ," ಅಂದೆ. "ತಬಲಾ ಭಾಳ ಜೋರಿತ್ತು. ಹುಡುಗಿ ಮಾತಽ ಕೇಳಸ್ಲಿಲ್ಲ."

ಅವನು ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಅಯ್ಯ, ಹೌದೇನ್ರಿ? ಮೊದಲಽ ಹೇಳಬೇಕಿಲ್ರಿ ಅಕ್ಕಾರ? ಕಡಿಮಿ ಮಾಡ್ತಿದ್ದೆ."

"ಹೌದಪಾ," ಅಂದೆ. "ಮೊದಲಽ ಹೇಳಬೇಕಾಗಿತ್ತು."